ಗೂಟದ ಮನೆಗೆ ನಾನು ಬರೆದ ನಿಯಮಾವಳಿ

ಹೋದ ತಿಂಗಳು ನಮ್ಮ ಹಳೆಯ ಆಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ. "ನೀಲಕ್ಕಾ, ಊರಾಗಿನ ಮಂದಿ ಕೂಡಿ ಏನರೆ ನಡಸಾಕತ್ತಿದ್ರ ಅವರಿಗೆ ಟ್ರಸ್ಟ್ ಮಾಡಿಸಬೇಕೋ, ಸೊಸೈಟಿ ಮಾಡಿಸಬೇಕೋ, ಸಹಕಾರಿ ಸಂಸ್ಥಾ ಮಾಡಿಸಬೇಕೋ, ಒಂದು ತಕ್ತೆ ಹಾಕಿ ಕೊಡ್ರಿ. ನೋಡಿ ಟಿಕ್ ಮಾಡಿಬಿಡ್ತೀನಿ" ಅಂದಳು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು, ಯಾಕೆಂದರೆ ಅಂಥ ತಕ್ತೆಯನ್ನು, ಅಂದರೆ ಕೋಷ್ಟಕವನ್ನು, ನಮ್ಮ ಆಫೀಸಿನಲ್ಲಿ ಮೊಟ್ಟಮೊದಲು ಹಾಕಿದವಳು ನಾನೇ. ಮೂರು ಬಣ್ಣದ ಪೆನ್ನಿನಿಂದ ಗೆರೆ ಎಳೆದು, ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿ ಮೆರೆದಿದ್ದೆ. ಅದನ್ನು ನಾನೇ ಹರಿದು ಹಾಕಿದ್ದೂ ಹೌದು. ಯಾಕೆ ಹರಿದೆ ಎಂಬುದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಗಡಹಿಂಗ್ಲಜದ ಕಿರಾಣಿ ವ್ಯಾಪಾರದ ಮನೆಯವಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಸೋದರಮಾವನ ಮನೆ ಸಂಕೇಶ್ವರದಲ್ಲಿ ಇದ್ದುದರಿಂದ ಶಾಲೆ ಕನ್ನಡದಲ್ಲಾಯಿತು, ಇವತ್ತು ಹೀಗೆ ಬರೆಯಲು ಬರುತ್ತಿರುವುದು ಆ ಮಾವನ ಉಪಕಾರ. ಮದುವೆಯಾಗಿ ಕೊಲ್ಹಾಪುರಕ್ಕೆ ಬಂದೆ. ಅಲ್ಲಿ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಓಣಿಯವರು, ಊರವರು ತಾವಾಗಿ ಕೂಡಿ ನಡೆಸುವ ಕೆಲಸಗಳಿಗೆ ಒಂದು ರೂಪ ಕೊಡುವುದು, ನಿಯಮಾವಳಿ ಬರೆಯುವುದು, ನೋಂದಣಿ ಮಾಡಿಸುವುದು, ಇದೇ ನನ್ನ ಕೆಲಸ. ಅದಕ್ಕೆ ಸರಿಯಾದ ಹೆಸರೇ ಇರಲಿಲ್ಲ. ನನ್ನ ಅತ್ತೆ ಕಡೆಯವರೆಗೂ "ನಮ್ಮ ಸೊಸಿ ಅರ್ಜಿ ಬರಿಯೂ ಕೆಲಸದಾಗ ಅದಾಳ" ಅಂತಲೇ ಹೇಳುತ್ತಿದ್ದರು.

ನಮ್ಮ ಜಿಲ್ಲೆಯ ಸ್ವಭಾವ ಮೊದಲು ತಿಳಿಯಬೇಕು. ಇಲ್ಲಿ ಕಟ್ಟೆಯ ಮೇಲೆ ನಾಲ್ಕು ಜನ ಕೂತರೆ, ಐದನೆಯವನು ಬರುವುದರೊಳಗೆ ಚೇರ್ಮನ್ ಆಯ್ಕೆ ಆಗಿರುತ್ತದೆ. ಸಕ್ಕರೆಗೆ ಸಂಸ್ಥೆ, ಹಾಲಿಗೆ ಸಂಸ್ಥೆ, ಸಾಲಕ್ಕೆ ಪತಸಂಸ್ಥೆ, ನದಿಯಿಂದ ನೀರೆತ್ತಲು ಸಂಸ್ಥೆ. ನಾನು ಇದನ್ನು ಹೀಯಾಳಿಸುತ್ತಿಲ್ಲ. ಈ ಸಂಸ್ಥೆಗಳು ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ಹುಡುಗಿಯರು ಹತ್ತನೆಯ ಇಯತ್ತೆ ದಾಟುತ್ತಿರಲಿಲ್ಲ, ಅವರಲ್ಲಿ ನಾನೂ ಒಬ್ಬಳು. ಆದರೆ ಇದರಿಂದ ನಮಗೆ ಒಂದು ಚಟ ಅಂಟಿಕೊಂಡಿದೆ. ಏನಾದರೂ ಒಳ್ಳೆಯದು ಕಂಡರೆ ಸಾಕು, ಅದಕ್ಕೊಂದು ಅಧ್ಯಕ್ಷರನ್ನು ಹುಡುಕುತ್ತೇವೆ.

ನನಗೆ ಕೆಲಸ ಕಲಿಸಿದವರು ಇನಾಮದಾರ ಸರ್. ಅಪ್ಪಟ ಮರಾಠಿ ಮನುಷ್ಯ, ಮಾತು ಕಡಿಮೆ, ಬೈಯುವುದು ಇನ್ನೂ ಕಡಿಮೆ. ನನ್ನನ್ನು ಮೊದಲ ಸಲ ಇಚಲಕರಂಜಿಗೆ ಸಭೆಗೆಂದು ಕಳಿಸಿದರು. ನಾನು ಮರುದಿನ ನಾಲ್ಕು ಪುಟ ವರದಿ ಬರೆದು ತಂದೆ. ಓದಲೇ ಇಲ್ಲ. "ದಾರಾಪಾಶೀ ಕೋಣ ಬಸಲಂ ಹೋತಂ?" ಎಂದು ಕೇಳಿದರು, ಬಾಗಿಲ ಹತ್ತಿರ ಯಾರು ಕೂತಿದ್ದರು ಎಂದು. ನಾನು ನೋಡಿರಲಿಲ್ಲ. "ಉದ್ಯಾ ಪರತ ಜಾ" ಅಂದರು, ನಾಳೆ ಮತ್ತೆ ಹೋಗು ಅಂತ. ಬಾಗಿಲ ಬಳಿ ಕೂತವರು ಅರ್ಧ ಮನಸ್ಸಿನಿಂದ ಬಂದವರು, ಇಲ್ಲವೆ ಒಳಗೆ ಕರೆಯದೆ ಬಂದವರು, ಅವರ ಮಾತು ಕೇಳದೆ ಸಭೆ ಮುಗಿಯುವುದಿಲ್ಲ ಎಂಬುದು ಅವರ ನಂಬಿಕೆ. ಬಸ್ಸಿನ ಟಿಕೀಟಿಗೆ ನನ್ನ ಕೈಯಿಂದಲೇ ಖರ್ಚು ಮಾಡಿ ಮತ್ತೆ ಹೋದೆ. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದೆ.

ಇಚಲಕರಂಜಿಯ ಆ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುವುದೇ ಇಲ್ಲ. ಹೆಂಗಸರು ಕಾಂಡಿ ಸುತ್ತಲು, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲು ಸುತ್ತಲು ಹೋಗುತ್ತಿದ್ದರು. ಕೂಸುಗಳನ್ನು ಪಾಳಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಬಿಡುತ್ತಿದ್ದರು. ಕೂಸುಗಳು ಹೆಚ್ಚಾದವು, ಮನೆ ಸಾಲದಾಯಿತು, ಒಂದು ಖೋಲಿ ಬಾಡಿಗೆಗೆ ಬೇಕಾಯಿತು. ಖೋಲಿಯ ಮಾಲಕ "ಕರಾರಪತ್ರದಾಗ ಯಾರ ಹೆಸರ ಹಾಕ್ಲಿ? ಇಡೀ ಓಣೀದು ಹಾಕ್ಲೇನು?" ಎಂದು ಕೇಳಿದ. ಮಾತು ಸರಿ. ನಾನು ಆ ಹೆಂಗಸರ ಜತೆ ಆರು ವಾರ ಕೂತು ಒಂದು ಸಣ್ಣ ಸಂಘದ ನಿಯಮಾವಳಿ ಬರೆದೆ, ನೋಂದಣಿ ಮಾಡಿಸಿದೆ, ಖೋಲಿ ಸಿಕ್ಕಿತು. ಇವತ್ತಿಗೂ ಅಲ್ಲಿ ಕೂಸುಗಳು ಆಡುತ್ತವೆ. ಅಲ್ಲಿ ಆಡಿದ ಒಬ್ಬ ಹುಡುಗಿ ಮೊನ್ನೆ ತನ್ನ ಮದುವೆಯ ಪತ್ರಿಕೆ ಕೊಡಲು ಬಂದಿದ್ದಳು.

ಮೊದಲನೆಯ ಕೆಲಸವೇ ಹೀಗೆ ಕೈಗೂಡಿದ್ದು ನನಗೆ ಒಳ್ಳೆಯದಾಗಲಿಲ್ಲ. ನನ್ನ ತಲೆ ನೆಟ್ಟಗಿರಲಿಲ್ಲ ಆಮೇಲೆ. ಯಾರು ಬಂದರೂ ನಿಯಮಾವಳಿ, ಯಾವ ಊರಿಗೆ ಹೋದರೂ ನೋಂದಣಿ. ಶಿರೋಳಿಯ ಫೌಂಡ್ರಿಗೆ ಹೋಗುವ ನಾಲ್ಕು ಜನ ಸೇರಿ ಒಂದೇ ಜೀಪಿನಲ್ಲಿ ಬರುತ್ತಿದ್ದರು, ಅವರಿಗೂ ಸಂಘ ಮಾಡಿಸಲು ಹೊರಟಿದ್ದೆ. ಅವರೊಳಗೊಬ್ಬ "ಅಕ್ಕಾ, ನಮಗ ಡ್ರೈವರ್ ಬೇಕಾಗ್ಯಾನ, ಖಜಾಂಚಿ ಬ್ಯಾಡ" ಎಂದು ಕೈ ಮುಗಿದ. ಆ ಮೂರು ಬಣ್ಣದ ತಕ್ತೆ ಹಾಕಿದ್ದು ಈ ಕಾಲದಲ್ಲಿಯೇ. ಆಗ ಇನಾಮದಾರ ಸರ್ ನಿವೃತ್ತರಾಗಿದ್ದರು, ಆಫೀಸಿನಲ್ಲಿ ನನ್ನನ್ನು ತಡೆಯುವವರು ಇರಲಿಲ್ಲ.

ಗಡಹಿಂಗ್ಲಜದ ಹತ್ತಿರ ಹಿರಣ್ಯಕೇಶಿಯ ದಂಡೆಗೆ ಒಂದು ಊರಿದೆ. ಹೆಸರು ಬೇಡ. ಅರ್ಧ ಊರು ಹೊಳೆಯ ಮಗ್ಗುಲಿಗೆ ತಗ್ಗಿನಲ್ಲಿದೆ, ಅರ್ಧ ಊರು ಮೇಲೆ ಮಾಳದಲ್ಲಿದೆ. ಹೊಳೆ ಉಕ್ಕಿದರೆ ತಗ್ಗಿನವರು ದನಕರುಗಳ ಸಮೇತ ಮೇಲಕ್ಕೆ ಹೋಗಬೇಕು. ಯಾರು ಯಾರ ಮನೆಗೆ ಹೋಗಬೇಕು ಎಂಬುದು ಅಲ್ಲಿ ತಲೆತಲಾಂತರದಿಂದ ಗೊತ್ತುಮಾಡಿದ್ದು. ತಗ್ಗಿನ ಒಂದೊಂದು ಮನೆಗೆ ಮಾಳದಲ್ಲಿ ಒಂದೊಂದು ಮನೆ. ಕಾರಹುಣ್ಣಿಮೆಯ ದಿನ, ನಮ್ಮ ಕಡೆ ಕರ್ನಾಟಕಿ ಬೆಂದೂರ ಅನ್ನುತ್ತೇವೆ, ಎತ್ತು ಎಮ್ಮೆಗಳನ್ನು ಸಿಂಗರಿಸುತ್ತಾರಲ್ಲ, ಆವತ್ತು ತಗ್ಗಿನವರು ತಮ್ಮ ದನಗಳನ್ನು ಮೇಲಿನ ಮನೆಗೆ ಹೊಡೆದುಕೊಂಡು ಬರುತ್ತಾರೆ. ಆ ಮನೆಯ ಹೆಂಗಸು ಆರತಿ ಮಾಡಿ, ತನ್ನ ಅಂಗಳದ ಗೂಟಕ್ಕೆ ಅವನ್ನು ಒಂದು ಗಳಿಗೆ ಕಟ್ಟಿ, ಮೇವು ಹಾಕಿ ಬಿಡುತ್ತಾಳೆ. ಗೂಟದ ಗುರುತು ಸಿಕ್ಕ ದನ ನೀರು ಬಂದ ದಿನ ಹೆದರುವುದಿಲ್ಲ, ಹಗ್ಗ ಬಿಚ್ಚಿದರೆ ತಾನೇ ಆ ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಹಿಂದೆಯೇ ಮಂದಿ. ಇದಕ್ಕೆ ಅವರು ಗೂಟದ ಮನೆ ಅನ್ನುತ್ತಾರೆ. "ಅವರು ನಮ್ಮ ಗೂಟದ ಮನಿಯವರು" ಅಂದರೆ ಬೀಗತನಕ್ಕಿಂತ ಒಂದು ತೂಕ ಹೆಚ್ಚು. ಜಾತಿ ನೋಡುವುದಿಲ್ಲ, ಲಿಂಗಾಯತರ ಗೂಟಕ್ಕೆ ಮರಾಠರ ಎತ್ತು, ಜೈನರ ಗೂಟಕ್ಕೆ ಧನಗರರ ಕುರಿ.

ಒಂದು ವರ್ಷ ದೊಡ್ಡ ಪೂರ, ಅಂದರೆ ಹೊಳೆಯ ನೆರೆ, ಬಂದು ಹೋದ ಮೇಲೆ, ಹೊರಗಿನ ದಾನಿಗಳೊಬ್ಬರು ಆ ಊರಿಗೆ ಒಂದು ಯಾಂತ್ರಿಕ ದೋಣಿ ಕೊಡುತ್ತೇವೆ ಅಂದರು. ಆದರೆ ನೋಂದಣಿ ಆದ ಸಂಸ್ಥೆಗೇ ಕೊಡುತ್ತೇವೆ ಎಂಬುದು ಅವರ ಶರತ್ತು. ಊರವರು ನನಗೆ ಹೇಳಿ ಕಳಿಸಿದರು. ನಾನು ಫೈಲು ಹಿಡಿದು ಹಾರಿಕೊಂಡು ಹೋದೆ.

ಸಭೆ ಗಂಗವ್ವನವರ ಅಂಗಳದಲ್ಲಿ ಸೇರಿತು. ಗಂಗವ್ವ ಮಾಳದ ಮೇಲಿನ ಮನೆಯ ಯಜಮಾನಿ, ಅರವತ್ತು ದಾಟಿದ ಹೆಂಗಸು, ಬಾಯಿ ಭಾಳ ಖಡಕ್. ನಾನು ಗೂಟದ ಪದ್ಧತಿಯನ್ನೆಲ್ಲ ಸೇರಿಸಿ 'ಪೂರ ರಕ್ಷಣ ಸಂಸ್ಥೆ' ಮಾಡೋಣ, ಸದಸ್ಯರು, ಕಾರ್ಯಕಾರಿ ಮಂಡಳಿ, ಅಧ್ಯಕ್ಷರು, ಎಲ್ಲರಿಗೂ ಫೋಟೋ ಇರುವ ಕಾರ್ಡು ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಗಂಗವ್ವ ಮಾತ್ರ ಕೇಳಿದರು:

"ದೋಣಿಗೆ ಕಾಗದಾ ಬೇಕು ಅಂದ್ರ ಮಾಡವಾ. ಗೂಟಕ್ಕ ಯಾಕ?"

"ಅವ್ವಾರ, ಬರದ ಇಟ್ಟಿರಲಿಲ್ಲಾ ಅಂದ್ರ ನಿಮ್ಮ ಹಿಂದ ಇದನ್ನ ಯಾರು ನಡಸ್ತಾರ್ರಿ?" ಎಂದೆ.

"ನಮ್ಮ ಅತ್ತಿ ಏನು ಬರದಿಟ್ಟ ಹೋಗಿದ್ಲು? ನಾ ನಡಸಲಿಲ್ಲೇನು?"

ಮಂದಿ ನಕ್ಕರು, ನಾನೂ ನಕ್ಕೆ, ನಕ್ಕು ನಿಯಮಾವಳಿಯ ಮುಂದಿನ ಪುಟ ತಿರುವಿದೆ. ಇವತ್ತು ಆ ಪುಟ ತಿರುವಿದ ಕೈಗೆ ಒಂದು ಏಟು ಕೊಡಬೇಕು ಅನಿಸುತ್ತದೆ.

ಸದಸ್ಯತ್ವದ ಫಾರ್ಮಿನಲ್ಲಿ ಮನೆ ಕ್ರಮಾಂಕ ಎಂಬ ಕಾಲಮು ಇತ್ತು. ನಾನೇ ಹಾಕಿದ್ದು, ಯಾರೂ ಎರಡು ಸಲ ಸದಸ್ಯರಾಗಬಾರದು ಎಂದು. ತಗ್ಗಿನ ಕೊನೆಯ ಮನೆಯ ಶೇವಂತಾಳ ಸರದಿ ಬಂತು, ಗಂಗವ್ವನವರೇ ಆಕೆಯ ಗೂಟದ ಮನೆಯವರು. ಗಂಡ ಇಲ್ಲ, ಹಾಸಿಗೆ ಹಿಡಿದ ಅತ್ತೆ, ಒಂದು ಎಮ್ಮೆ. ಆ ಎಮ್ಮೆಯ ಹಾಲಿನ ಮೇಲೆಯೇ ಇಬ್ಬರ ಹೊಟ್ಟೆ. ಮನೆ ಇರುವುದು ಇನ್ನೊಬ್ಬರ ಹೊಲದ ಬದುವಿನ ಮೇಲೆ, ಪಂಚಾಯತಿಯ ದಾಖಲೆಯಲ್ಲಿ ಅದಕ್ಕೆ ಕ್ರಮಾಂಕ ಇಲ್ಲ. ನಾನು ಆ ಕಾಲಮಿನಲ್ಲಿ ಪೆನ್ಸಿಲಿನಿಂದ 'ನಂತರ' ಎಂದು ಬರೆದೆ. "ಆಮ್ಯಾಲೆ ಮಾಡಿಕೊಡ್ತೀನ್ರಿ ತಂಗಿ" ಅಂದೆ. ಆಕೆ "ಹೂಂನ್ರಿ" ಎಂದು ಎದ್ದು ಹೋಗಿ ಅಂಗಳದ ಬಾಗಿಲ ಹತ್ತಿರ ನಿಂತಳು. ನಾನು ಬಾಗಿಲ ಕಡೆ ನೋಡಲಿಲ್ಲ. ನಾನು ಬರೆದ ಆ 'ನಂತರ' ಬರಲೇ ಇಲ್ಲ. ಕೋವಾಡದ ಕಡೆ ಬೇರೊಂದು ಕೆಲಸ ಹತ್ತಿತು, ನಾನು ಮರೆತೆ.

ಸಂಸ್ಥೆ ಆಯಿತು. ದೋಣಿ ಬಂತು. ಬಾಬಗೊಂಡ ಅಣ್ಣಾ ಅಧ್ಯಕ್ಷರಾದರು. ಅವರು ಊರಿನ ಜೈನ ರೈತರು, ಒಳ್ಳೆಯ ಮನುಷ್ಯ. ಸಕ್ಕರೆ ಕಾರ್ಖಾನೆಯ ಡೈರೆಕ್ಟರ್ ಆಗಬೇಕೆಂದು ಮೂರು ಸಲ ಚುನಾವಣೆಗೆ ನಿಂತು ಮೂರು ಸಲವೂ ಬಿದ್ದವರು. ಈಗ ಮೊದಲ ಸಲ ಮನೆಯ ಮುಂದೆ 'ಅಧ್ಯಕ್ಷ' ಎಂಬ ಫಲಕ ಬಂತು. ಎರಡನೆಯ ಚುನಾವಣೆಯ ಹೊತ್ತಿಗೆ ಊರಿನಲ್ಲಿ ಎರಡು ಪ್ಯಾನೆಲ್ ಆದವು. ಮಾಳದವರ ಚುನಾವಣೆಯ ಗುರುತು ಛತ್ರಿ, ತಗ್ಗಿನವರದು ಕಪ್ಪು-ಬಸಿ. ಪೂರ ಬಂದರೆ ಒಬ್ಬರ ಮನೆಯಲ್ಲಿ ಒಬ್ಬರು ಮಲಗಬೇಕಾದವರು ಪಾಂಪ್ಲೆಟ್ ಹಂಚಿಕೊಂಡು ಓಡಾಡಿದರು. ನಾನು ಅದನ್ನು ಕಂಡು ಹಿಗ್ಗಿದೆ, ವರದಿಯಲ್ಲಿ 'ಜನರ ಸಕ್ರಿಯ ಭಾಗವಹಿಸುವಿಕೆ' ಎಂದು ಬರೆದೆ. ಆ ವರ್ಷ ಬೆಂದೂರಕ್ಕೆ ಅರ್ಧಕ್ಕರ್ಧ ದನಗಳು ಮೇಲಕ್ಕೆ ಹೋಗಲಿಲ್ಲವಂತೆ. ಕಾರ್ಡು ಇದೆಯಲ್ಲ, ಮತ್ತೆ ಗೂಟ ಯಾಕೆ ಅಂದರಂತೆ. ಇದು ನನಗೆ ತಿಳಿದದ್ದು ಆಮೇಲೆ.

ಮತ್ತೆ ಪೂರ ಬಂತು. ನಾನು ಕೊಲ್ಹಾಪುರದಲ್ಲಿ ಸಿಕ್ಕಿಬಿದ್ದಿದ್ದೆ, ರಸ್ತೆ ಎಲ್ಲ ಬಂದಾಗಿತ್ತು. ಅಲ್ಲಿ ಆದದ್ದನ್ನು ಗಂಗವ್ವನ ಬಾಯಿಂದ ಕೇಳಿದಂತೆ ಹೇಳುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ನೀರು ತಗ್ಗಿನ ಮನೆಗಳ ಕಟ್ಟೆ ಮುಟ್ಟಿತು. ಬಾಬಗೊಂಡ ಅಣ್ಣಾ ಬಸ್ ನಿಲ್ಲುವ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡು ಸದಸ್ಯರ ಯಾದಿ ಹಿಡಿದು ನಿಂತಿದ್ದರು. ಸಂಸ್ಥೆಯ ನಿಯಮ, ದೋಣಿಯಲ್ಲಿ ಮೊದಲು ಕಾರ್ಡು ಇದ್ದವರು. ಒಬ್ಬೊಬ್ಬರು ಬಂದ ಹಾಗೆ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು. ಗಂಗವ್ವ ತಮ್ಮ ಅಂಗಳದಲ್ಲಿ ನಿಂತು ಗೂಟ ನೋಡಿದರು. ಶೇವಂತಾಳ ಎಮ್ಮೆ ನಿಲ್ಲುವ ಗೂಟ ಖಾಲಿ. ಮಳೆಯಲ್ಲೇ ಕಟ್ಟೆಗೆ ಬಂದು ಕೇಳಿದರು.

"ಅಣ್ಣಾ, ಶೇವಂತಾ ಎಲ್ಲಿ?"

ಅಣ್ಣಾ ಯಾದಿ ಮಗುಚಿ ನೋಡಿದರು. "ಆಕೀ ಹೆಸರ ಯಾದಿಯೊಳಗ ಇಲ್ರಿ ಅವ್ವಾ."

"ಯಾದಿಯೊಳಗ ಇಲ್ಲಾ ಅಂದ್ರ ನೀರಿನ್ಯಾಗ ಅದಾಳ" ಅಂದರು ಗಂಗವ್ವ.

ಅಣ್ಣಾ ಯಾದಿಯನ್ನು ಅಲ್ಲೇ ಬಿಟ್ಟು ದೋಣಿಗೆ ಇಳಿದರು. ಅರವತ್ತು ವರ್ಷದ ಮನುಷ್ಯ, ಈಜು ಬಾರದು. ಓಣಿಯ ತರುಣ ಮಂಡಳದ ಇಬ್ಬರು ಅವರ ಜತೆ ಹೋದರು. ಶೇವಂತಾ ಅತ್ತೆಯನ್ನು ಹೊತ್ತು ಅಟ್ಟಕ್ಕೆ ಏರಿಸಿ, ತಾನು ಏಣಿಯ ಮೇಲೆ ಕೂತಿದ್ದಳು. ಏಣಿಯ ಮೂರು ಮೆಟ್ಟಿಲು ನೀರಿನಲ್ಲಿದ್ದವು. ಎಮ್ಮೆಯ ಹಗ್ಗವನ್ನು ಆಕೆಯೇ ಬಿಚ್ಚಿಬಿಟ್ಟಿದ್ದಳು, ಕಟ್ಟಿದಲ್ಲೇ ಸಾಯಬಾರದು ಎಂದು. ಆ ವರ್ಷ ಗೂಟದ ಗುರುತಿಲ್ಲದ ಎಮ್ಮೆ ಮೇಲಕ್ಕೆ ಬರಲಿಲ್ಲ, ಹೊಳೆಯ ಕಡೆ ಹೋಯಿತು. ಅತ್ತೆ ಸೊಸೆ ಉಳಿದರು.

ಎಂಟು ದಿನದ ಮೇಲೆ ರಸ್ತೆ ತೆರೆಯಿತು. ನಾನು ಹೋದಾಗ ಶೇವಂತಾ ಮನೆಯೊಳಗಿನ ರಾಡಿ ಬಳಿದು ಹಾಕುತ್ತಿದ್ದಳು. ನಾನೂ ಒಂದು ಬುಟ್ಟಿ ಎತ್ತಿಕೊಂಡೆ. ಆಕೆ ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ತಂಗಿ, ನೀ ಗಂಗವ್ವಾರ ಮನಿಗೆ ಯಾಕ ಹೋಗಲಿಲ್ಲ?" ಎಂದು ಕೇಳಿದೆ.

"ಹೆಂಗ ಹೋಗ್ಲಿ ಅಕ್ಕಾ? ಕಾರ್ಡ ಇದ್ದವರ ಮದಲ ಅಂದಿದ್ರು. ಅದು ದೋಣಿಗೋ, ಮನಿಗೋ ನನಗೇನ ಗೊತ್ತ? ನಂದ ಆಮ್ಯಾಲೆ ಮಾಡ್ತೀನಿ ಅಂದಿದ್ರಿ. ಆಗಿರಲಿಲ್ಲ."

"ಗಂಗವ್ವ ಯಾವಾಗರೆ ಬ್ಯಾಡ ಅಂದಾರೇನು?"

"ಅವರು ಅಂದಿಲ್ರಿ. ಖರೇ ಹೇಳ್ತೀನಿ, ಮದಲ ನಾ ಕೇಳದನ ಹೋಗತಿದ್ದೆ. ಅದು ನಮ್ಮ ಗೂಟದ ಮನಿ. ಈಗ ಕೇಳಿ ಹೋಗೂ ಹಂಗ ಆತು. ಕೇಳಿ ಹೋಗೂದಾದ್ರ ನಾ ಹೋಗೂದಿಲ್ಲ. ಮುಂದಿನ ಸಲ ಅತ್ತಿನ್ನ ಕರಕೊಂಡ ಶಾಳಾದ ಕಟ್ಟಿ ಮ್ಯಾಲ ಕೂಡ್ತೀನಿ, ಯಾರ ಬಾಗಿಲಾನೂ ಬಡಿಯೂದಿಲ್ಲ."

ಆ ಶಾಲೆಯ ಕಟ್ಟೆಯ ಮೇಲೂ ಆ ಸಲ ಮೊಣಕಾಲುದ್ದ ನೀರು ನಿಂತಿತ್ತು. ಅದು ಆಕೆಗೂ ಗೊತ್ತು, ನನಗೂ ಗೊತ್ತು. ನನ್ನ ಪೆನ್ಸಿಲಿನ ಒಂದು ಶಬ್ದದಿಂದ ಒಬ್ಬ ಹೆಂಗಸು ಸಾಯಲು ಜಾಗ ಗೊತ್ತುಮಾಡಿಕೊಂಡಿದ್ದಳು. ಎಮ್ಮೆಯ ವಿಷಯ ಆಕೆ ಎತ್ತಲೇ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನು ಸೀದಾ ಇನಾಮದಾರ ಸರ್ ಮನೆಗೆ ಹೋದೆ. ಸೀರೆಗೆ ಇನ್ನೂ ರಾಡಿ ಇತ್ತು. ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಸಮಾಧಾನ ಹೇಳುವ ಮನುಷ್ಯರಲ್ಲ. ಒಂದು ಕಾಗದ ಕೊಟ್ಟು, ಸಂಸ್ಥೆಯ ಕೈಯಲ್ಲಿ ಏನೇನಿದೆ ಎಲ್ಲ ಬರೆಯಲು ಹೇಳಿದರು. ದೋಣಿ, ಹಗ್ಗ, ತೇಲುವ ಜಾಕೆಟ್, ಧ್ವನಿವರ್ಧಕ, ಗೂಟದ ಮನೆಗಳು ಎಂದು ಬರೆದೆ. "ಯಾತಲಂ ಕೋರ್ಟಾತ ಕಾಯ ದಾಖವಾವಂ ಲಾಗೇಲ?" ಎಂದು ಕೇಳಿದರು. ಇದರಲ್ಲಿ ನಾಳೆ ಕೋರ್ಟಿಗೆ ತೋರಿಸಬೇಕಾಗುವಂಥದ್ದು ಯಾವುದು ಎಂದು. ದೋಣಿ ಮುಳುಗಿ ಯಾರಿಗಾದರೂ ಅಪಾಯವಾದರೆ ಅದರ ಜವಾಬ್ದಾರಿ ಯಾರದು ಎಂದು ಹೇಳಲೇಬೇಕು, ಅದಕ್ಕೆ ಒಡೆಯ ಬೇಕು. ಗೂಟಕ್ಕೆ ಯಾವ ಕೋರ್ಟೂ ಇಲ್ಲ. ಸರ್ ಗೂಟದ ಮನೆಗಳು ಎಂಬ ಕೊನೆಯ ಸಾಲಿನ ಮೇಲ್ಗಡೆ ಕಾಗದವನ್ನು ಮಡಚಿ, ಹರಿದು, ಎರಡು ತುಂಡು ನನ್ನ ಎರಡು ಕೈಗೆ ಕೊಟ್ಟರು. ಮರುದಿನ ಆಫೀಸಿಗೆ ಹೋಗಿ ನನ್ನ ಮೂರು ಬಣ್ಣದ ತಕ್ತೆಯನ್ನು ಗೋಡೆಯಿಂದ ಕಿತ್ತೆ.

ದೋಣಿಯನ್ನು ಓಣಿಯ ತರುಣ ಮಂಡಳಕ್ಕೆ ಕೊಡುವುದು ಎಂದು ಯೋಚಿಸಿದೆ. ಆ ಮಂಡಳ ಗಣಪತಿ ಕೂಡಿಸಲೆಂದು ಹುಟ್ಟಿದ್ದು, ಎಂದೋ ನೋಂದಣಿ ಆಗಿತ್ತು, ಹುಡುಗರಿಗೆ ಈಜು ಬರುತ್ತಿತ್ತು. ಗೂಟದ ಮನೆಗಳನ್ನು ಯಾವ ಯಾದಿಗೂ ಸೇರಿಸದೆ ಮೊದಲಿನ ಹಾಗೆ ಬಿಡುವುದು. ಆದರೆ ಹೀಗೆ ಮಾಡಬೇಕಾದರೆ ಸಂಸ್ಥೆಯನ್ನು ಬರಖಾಸ್ತು ಮಾಡಬೇಕು, ಅದಕ್ಕೆ ಸದಸ್ಯರ ವಿಶೇಷ ಸಭೆ ಠರಾವು ಮಾಡಬೇಕು. ಮೊದಲು ಬಾಬಗೊಂಡ ಅಣ್ಣಾ ಅವರಿಗೆ ಹೇಳಬೇಕು. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಭಾರವಾದ ಕಾಲಿನಿಂದ ನಾನು ಯಾರ ಮನೆಗೂ ಹೋಗಿಲ್ಲ.

ಅವರು ಪೂರ್ತಿ ಕೇಳಿದರು. ಆಮೇಲೆ ಸಣ್ಣಗೆ ನಕ್ಕು ಅಂದರು: "ನೀಲಕ್ಕಾ, ಈಗೀಗ ನನ್ನ ಹೇಂತಿ ಸೈತ ನನಗ ಚೇರ್ಮನ್ರ ಅಂತ ಕರೀತಾಳ. ನಲವತ್ತ ವರ್ಷ ಸಂಸಾರದಾಗ ಆಕಿ ನನಗ ರೀ ಹಚ್ಚಿದ್ದ ಇಲ್ಲ."

"ಅಣ್ಣಾರ, ನೀವು ಬ್ಯಾಡ ಅಂದ್ರ ಇದು ಆಗೂದಿಲ್ರಿ" ಎಂದೆ.

"ನಿಮ್ಮ ಸಭಾ ಕರೀರಿ" ಅಂದರು.

ಸಭೆಯ ದಿನ ಸಮಾಜಮಂದಿರ ತುಂಬಿತ್ತು. ಒಂದು ಗೋಡೆಗೆ ಛತ್ರಿಯವರು, ಇನ್ನೊಂದು ಗೋಡೆಗೆ ಕಪ್ಪು-ಬಸಿಯವರು. ನಾನು ಈ ಸಲ ಬಾಗಿಲು ನೋಡಿದೆ. ಶೇವಂತಾ ಹೊಸ್ತಿಲ ಹೊರಗೆ ನಿಂತಿದ್ದಳು. ಸದಸ್ಯೆ ಅಲ್ಲವಾದ್ದರಿಂದ ಒಳಗೆ ಬಂದಿರಲಿಲ್ಲ. ಗಂಗವ್ವ ಕರೆದುಕೊಂಡು ಬಂದಿದ್ದರು ಅಷ್ಟೆ, ಅವರೂ ಒಳಗೆ ಹೋಗದೆ ಆಕೆಯ ಮಗ್ಗುಲಿಗೇ ನಿಂತಿದ್ದರು. ನಾನು ಠರಾವು ಓದಿದೆ. ಯಾರು ಮಂಡಿಸುತ್ತೀರಿ ಎಂದು ಕೇಳಿದೆ. ಯಾರ ಕೈಯೂ ಮೇಲೇಳಲಿಲ್ಲ. ಮಂಡಿಸಿದ ಪ್ಯಾನೆಲ್ಲಿಗೆ ಸೋತ ಹಾಗಾಗುತ್ತದೆ ಎಂಬ ಲೆಕ್ಕ ಎರಡೂ ಗೋಡೆಯಲ್ಲಿ ನಡೆದಿತ್ತು.

ಬಾಬಗೊಂಡ ಅಣ್ಣಾ ಅಧ್ಯಕ್ಷರ ಖುರ್ಚಿಯಿಂದ ಎದ್ದರು.

"ನಾ ಮಂಡಸ್ತೀನಿ. ಈ ಸಂಸ್ಥಾದ ಹೆಸರ ಪೂರ ರಕ್ಷಣ. ಮದಲನೇ ಪೂರಕ್ಕನ ಒಬ್ಬಾಕಿನ್ನ ನೀರಿನ್ಯಾಗ ಬಿಟ್ಟಿವಿ. ಅಧ್ಯಕ್ಷ ನಾ ಇದ್ದೆ, ಯಾದಿ ನನ್ನ ಕೈಯಾಗ ಇತ್ತು. ಗಂಗವ್ವಾ ಬಂದು ಕೇಳಲಿಲ್ಲಾ ಅಂದ್ರ ನಾ ಹಂಗ ನಿಂತಿರ್ತಿದ್ದೆ. ಅದನ್ನ ನೆನಸಿದ್ರ ನನಗ ಊಟಾ ಹೋಗವಲ್ದು."

ಮೊದಲು ಛತ್ರಿಯವರಲ್ಲೊಬ್ಬ ಕೈ ಎತ್ತಿದ. ಆಮೇಲೆ ಎರಡೂ ಕಡೆ ಎಲ್ಲ ಎತ್ತಿದರು. ನಾನು 'ಸರ್ವಾನುಮತ' ಎಂದು ಬರೆದೆ. ಅಣ್ಣಾ ಬಾಗಿಲ ಕಡೆ ತಿರುಗಿದರು.

"ತಂಗಿ ಶೇವಂತಾ, ಇದು ನಿನಗ ಒಪ್ಪಿಗಿ ಐತೇನು?"

"ನನ್ನ ಕೇಳಿ ಏನ ಮಾಡ್ತೀರಿ ಅಣ್ಣಾರ. ನಾ ಸಭಾಸದ ಅಲ್ಲ."

"ಈಗ ಯಾರೂ ಸಭಾಸದ ಅಲ್ಲವಾ. ಈಗ ನಾವೆಲ್ಲಾ ನಿನ್ನ ಸಾಲಿಗೆ ಬಂದೇವಿ."

ಶೇವಂತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಸ್ತಿಲ ಹೊರಗಿನಿಂದಲೇ ತಿರುಗಿ ಮನೆಗೆ ಹೋದಳು.

ಆಮೇಲಿನ ಕೆಲಸ ಊರವರೇ ಮಾಡಿಕೊಂಡರು. ದೋಣಿ ತರುಣ ಮಂಡಳದ ಹೆಸರಿಗಾಯಿತು, ಅದರ ಕೀಲಿ ತಿಂಗಳಿಗೊಂದು ಓಣಿಯ ಪಾಳಿ, ಹೊಲದ ನೀರಿಗೆ ಪಾಳಿ ಹಚ್ಚಿದ ಹಾಗೆ. ನನ್ನ ಮೊದಲ ದಿನಗಳಲ್ಲಿ ಸ್ಟೆನ್ಸಿಲ್ ಕೊರೆದು ನೋಟೀಸು ಹಂಚುತ್ತಿದ್ದೆವು, ಈಗ ಹೊಳೆಯ ಮಟ್ಟ ಎಷ್ಟಾಯಿತು ಎಂಬುದು ವಾಟ್ಸಾಪಿನಲ್ಲಿ ಮೇಲಿನ ಊರಿನಿಂದ ಬರುತ್ತದೆ. ಅದಕ್ಕೂ ಅಡ್ಮಿನ್ ಯಾರು ಎಂದು ಜಗಳ ಹತ್ತಿತ್ತು. ಅಡ್ಮಿನ್‌ಗೂ ಪಾಳಿ ಹಚ್ಚಿ ಮುಗಿಸಿದರು. ಬಾಬಗೊಂಡ ಅಣ್ಣಾ ಫಲಕ ತೆಗೆಸಿದರು. ಅವರ ಹೆಂಡತಿ ಚೇರ್ಮನ್ರ ಅನ್ನುವುದನ್ನು ಬಿಡಲಿಲ್ಲ, ಅದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ಮುಂದಿನ ಕಾರಹುಣ್ಣಿಮೆಗೆ ದನಗಳೆಲ್ಲ ಮತ್ತೆ ಮೇಲಕ್ಕೆ ಬಂದವು. ಶೇವಂತಾ ಬರಲಿಲ್ಲ. ಕಟ್ಟಲು ಆಕೆಯ ಹತ್ತಿರ ಎಮ್ಮೆ ಇರಲಿಲ್ಲ. ನಾನು ಗಂಗವ್ವನಿಗೆ ಫೋನ್ ಮಾಡಿ, "ನೀವರೆ ಹೋಗಿ ಕರೀಬೇಕಿಲ್ರಿ?" ಎಂದು ಕೇಳಿದೆ. "ಕರದ್ರ ಆಕಿ ಪಾವಣ್ಯಾಕಿ ಆಗ್ತಾಳ. ಕರೀಬಾರದು ನೀಲವ್ವಾ" ಅಂದರು. ಪಾವಣ್ಯಾಕಿ ಅಂದರೆ ಅತಿಥಿ, ಗೂಟದ ಮನೆಯವಳಲ್ಲ. ನನಗೆ ಹೊಳೆಯುವ ಉಪಾಯಗಳೆಲ್ಲ ಮುಗಿದಿದ್ದವು. ಒಂದು ಊರಿಗೆ ಯಾವ ವ್ಯವಸ್ಥೆ ಹೊಂದುತ್ತದೆ ಎಂದು ಹೇಳುವುದೇ ನನ್ನ ಕೆಲಸ, ಅದಕ್ಕೇ ಸಂಬಳ ತಿಂದವಳು ನಾನು. ಒಬ್ಬ ಹೆಂಗಸು ಒಂದು ಬಾಗಿಲು ದಾಟುತ್ತಾಳೋ ಇಲ್ಲವೋ ಎಂದು ಹೇಳಲು ನನ್ನಿಂದ ಆಗಲಿಲ್ಲ.

ಆ ಮಳೆಗಾಲ ನನ್ನ ನೌಕರಿಯ ಕೊನೆಯದು. ಆಷಾಢದಲ್ಲಿ ಐದು ದಿನ ಬಿಡದೆ ಹೊಡೆಯಿತು. ವಾಟ್ಸಾಪಿನಲ್ಲಿ ಹೊಳೆಯ ಮಟ್ಟ ಏರುತ್ತಲೇ ಇತ್ತು. ಬೆಳಿಗ್ಗೆಯಿಂದ ನಾನು ಫೋನು ಕೈಯಲ್ಲಿ ಹಿಡಿದುಕೊಂಡು ಮನೆಯೊಳಗೆ ಅಡ್ಡಾಡುತ್ತಿದ್ದೆ. ಮಾಡಿದ ಅಡಿಗೆ ಹಾಗೇ ಇತ್ತು. ಶಾಲೆಯ ಕಟ್ಟೆ ಕಣ್ಣ ಮುಂದಿನಿಂದ ಹೋಗಲೊಲ್ಲದು. ಹತ್ತೂವರೆಗೆ ಗಂಗವ್ವನ ಫೋನ್ ಬಂತು. ಅವರ ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು, ಪಾತ್ರೆಯ ಸದ್ದು.

"ಗಂಗವ್ವಾರ, ನೀರ ಎಲ್ಲಿತನಕ ಬಂತ್ರಿ?"

"ಇನ್ನೂ ಗದ್ದಿ ದಾಟಿಲ್ಲ."

"ಶೇವಂತಾ?"

"ಬಂದಾಳ. ಯಾರಿಗೂ ಕೇಳಿಲ್ಲ, ಹೇಳಿಲ್ಲ. ಮುಂಜಾನೆ ಅತ್ತಿನ್ನ ಬೆನ್ನಮ್ಯಾಲ ಹೊತ್ಕೊಂಡ ಸೀದಾ ಅಡಗಿಮನಿಗೇ ಬಂದಾಳ. ಬಂದಾಕೀನ ನನ್ನ ಒಲಿ ಮುಂದ ಕುಂತು, ಕಟಿಗಿ ಹಸೀ ಅದಾವ, ಹಿಟ್ಟು ಸರಿ ನಾದಿಲ್ಲ ಅಂತ ನನಗ ಬೈಯಾಕತ್ತಾಳ. ನೀನ ಕೇಳು ಬೇಕಾದ್ರ."

ಗಂಗವ್ವ ಫೋನನ್ನು ಆ ಕಡೆ ಹಿಡಿದರು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತು, ಆಕೆ ಬೈಯುವುದನ್ನು ಪೂರ್ತಿ ಕೇಳಿದೆ.